ತಂಪಾದ ಕೋಣೆ, ಹಳಸಿದ ಗಾಳಿ: ಓಲ್ಡ್ ಏರ್‌ಪೋರ್ಟಿನ ಒಂದು ಮನೆಯ ಲೆಕ್ಕ



ಕಳೆದ ಬೇಸಿಗೆಗೆ ಸ್ವಲ್ಪ ಮೊದಲು ಊರಿಂದ ನಮ್ಮಮ್ಮ ಬಂದಿದ್ದರು. ಬಂದು ನಾಲ್ಕನೇ ದಿನ ಬೆಳಿಗ್ಗೆ ಎದ್ದವರೇ, "ರಾತ್ರಿಯೆಲ್ಲಾ ತಣ್ಣಗೆ ಮಲಗಿದ್ದೀನಿ ಕಣೋ, ಆದ್ರೂ ತಲೆ ಭಾರ. ಒಂದು ಕಿಟಕಿನಾದ್ರೂ ತೆಗಿ" ಎಂದರು.

"ಹೊರಗೆ ಧೂಳಮ್ಮ, ಅದರ ಮೇಲೆ ಸೆಕೆ. ಎ.ಸಿ. ಇದೆಯಲ್ಲಾ" ಎಂದೆ.

"ಎ.ಸಿ. ತಣ್ಣಗೆ ಮಾಡತ್ತೆ, ಸರಿ. ಗಾಳಿ ಎಲ್ಲಿಂದ ಬರತ್ತೆ?"

ಕಂಪ್ಯೂಟರ್ ಓದಿದವನು ನಾನು, ಆದರೆ ಈ ಪ್ರಶ್ನೆಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಹೊಳೆಯದ್ದಕ್ಕೆ ಕಾರಣ ಸರಳ. ನಮ್ಮ ಮನೆಯ ಸ್ಪ್ಲಿಟ್ ಎ.ಸಿ.ಗೆ ಹೊರಗಿನ ಗಾಳಿ ಬರುವುದೇ ಇಲ್ಲ! ಗೋಡೆಯ ಹೊರಗಿರುವ ಪೆಟ್ಟಿಗೆಗೂ ಒಳಗಿರುವ ಪೆಟ್ಟಿಗೆಗೂ ನಡುವೆ ಓಡುವುದು ತಾಮ್ರದ ಕೊಳವೆಯೊಳಗಿನ ಶೀತಕ ದ್ರವ ಮಾತ್ರ. ಕೋಣೆಯ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ಮತ್ತೆ ಅದನ್ನೇ ನಮ್ಮ ಮುಖಕ್ಕೆ ಊದುತ್ತದೆ. ಹತ್ತು ವರ್ಷ ಗಲ್ಫಿನಲ್ಲಿದ್ದವರಲ್ಲೂ ಎಷ್ಟೋ ಜನ ಎ.ಸಿ. ಹೊರಗಿನಿಂದ ಹೊಸ ಗಾಳಿ ತರುತ್ತದೆ ಎಂದೇ ನಂಬಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ.

ಜೂನ್ ಮೊದಲ ವಾರ ಇಂಗಾಲದ ಡೈಆಕ್ಸೈಡ್ ಅಳೆಯುವ ಒಂದು ಪುಟ್ಟ ಮೀಟರ್ ತರಿಸಿದೆ. ನಮ್ಮದು ಒಂದು ಬೆಡ್‌ರೂಮಿನ ಮನೆ. ಒಳಗೆ ಅಮ್ಮ, ನನ್ನ ಹೆಂಡತಿ, ಮಗಳು, ನಾನು ಹಾಲ್‌ನಲ್ಲಿ. ರಾತ್ರಿ ಮಲಗುವಾಗ ಬೆಡ್‌ರೂಮಿನಲ್ಲಿ 800 ಚಿಲ್ಲರೆ ಇದ್ದ ಅಂಕಿ ಬೆಳಿಗ್ಗೆ ಐದೂವರೆಗೆ 2,840 ಆಗಿತ್ತು. ಈ ಅಂಕಿಯ ಅರ್ಥವೇನು, ಇದಕ್ಕೆ ಎಷ್ಟು ಹೆದರಬೇಕು, ಎಷ್ಟು ಹೆದರಬಾರದು, ಮುಖ್ಯವಾಗಿ ಆ ಮೀಟರನ್ನೇ ಎಷ್ಟು ನಂಬಬೇಕು ಎನ್ನುವುದೇ ಈ ಲೇಖನದ ವಿಷಯ.

ಮನೆಯೊಳಗಿನ ಗಾಳಿ ಈಗೇಕೆ ಸುದ್ದಿ?

ಹೊರಗಿನ ಗಾಳಿಯ ಬಗ್ಗೆ ದಿನಾ ಓದುತ್ತೇವೆ. ದೆಹಲಿಯ ಹೊಗೆ, ಬೆಂಗಳೂರಿನ ಟ್ರಾಫಿಕ್ಕು, ದೋಹಾದ ಧೂಳು, ಎಲ್ಲಕ್ಕೂ ಅಂಕಿ ಅಂಶ ಇದೆ. ಆದರೆ ದಿನದ ಹೆಚ್ಚಿನ ಹೊತ್ತು ನಾವು ಉಸಿರಾಡುವುದು ನಾಲ್ಕು ಗೋಡೆಗಳ ಒಳಗಿನ ಗಾಳಿಯನ್ನು. ಕೋವಿಡ್ ಕಾಲದಲ್ಲಿ ಇದು ಜಗತ್ತಿಗೆ ಮನವರಿಕೆಯಾಯಿತು. ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಷ್ಟು ಎಳೆದುಕೊಳ್ಳುತ್ತಿದ್ದಾರೆ ಎಂದು ತಿಳಿಯಲು ಸುಲಭದ ದಾರಿ ಇಂಗಾಲದ ಡೈಆಕ್ಸೈಡ್ ಅಳೆಯುವುದು.

ಜಪಾನ್ ದೇಶ 1970ರಲ್ಲೇ ದೊಡ್ಡ ಕಟ್ಟಡಗಳಿಗೆ 1,000 ಪಿಪಿಎಂ ಮಿತಿಯನ್ನು ಕಾನೂನಿನಲ್ಲಿ ತಂದಿತ್ತು. ಬೆಲ್ಜಿಯಂ 2022ರ ನವೆಂಬರ್‌ನಲ್ಲಿ ಸಾರ್ವಜನಿಕರು ಸೇರುವ ಮುಚ್ಚಿದ ಜಾಗಗಳ ಗಾಳಿಯ ಬಗ್ಗೆಯೇ ಒಂದು ಕಾನೂನು ಮಾಡಿತು. 2024ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿ ಲಿಡಿಯಾ ಮೊರಾವ್ಸ್ಕಾ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ, ಸಾರ್ವಜನಿಕ ಕಟ್ಟಡಗಳಿಗೆ 800 ಪಿಪಿಎಂ ಮಟ್ಟವನ್ನು ಕಡ್ಡಾಯ ಮಾಡಬೇಕೆಂದು ವಾದಿಸಿದರು. 2025ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ಸಮಯದಲ್ಲೇ ಒಳಾಂಗಣ ಗಾಳಿಯ ಬಗ್ಗೆ ಜಾಗತಿಕ ಪ್ರತಿಜ್ಞೆಯೊಂದು ಹೊರಬಂತು.

ಈ ಎಲ್ಲದರಲ್ಲೂ ಒಂದು ಮಾತು ಗಮನಿಸಿ. ಶಾಲೆ, ಆಫೀಸು, ಹೋಟೆಲು, ಆಸ್ಪತ್ರೆ, ಇವಕ್ಕೆ ಮಿತಿಗಳ ಮಾತಿದೆ. ನೀವು ಬಾಡಿಗೆಗಿರುವ ಮನೆಯ ಬೆಡ್‌ರೂಮಿಗೆ ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ. ಅಲ್ಲಿ ಎಂಟು ತಾಸು ಮಲಗುವವರು ನಮ್ಮ ಮಕ್ಕಳು. ಲೆಕ್ಕ ನಾವೇ ಇಡಬೇಕು.

ಓಲ್ಡ್ ಏರ್‌ಪೋರ್ಟಿನ ಮನೆಗಳು

ನಮ್ಮ ಬಡಾವಣೆಯ ಹೆಸರೇ ಒಂದು ತಮಾಷೆ. 2014ರಲ್ಲಿ ಪ್ರಯಾಣಿಕರ ವಿಮಾನಗಳೆಲ್ಲ ಹೊಸ ಹಮದ್ ನಿಲ್ದಾಣಕ್ಕೆ ಹೋದವು. 2022ರ ವಿಶ್ವಕಪ್ ಫುಟ್‌ಬಾಲ್ ಹೊತ್ತಿಗೆ ಹಳೇ ನಿಲ್ದಾಣವನ್ನು ಮತ್ತೆ ತೆರೆದಿದ್ದು ಬಿಟ್ಟರೆ, ಉಳಿದಿದ್ದು ಹೆಸರು. ಮೆಟ್ರೋ ರೆಡ್ ಲೈನಿನಲ್ಲಿ 'ಅಲ್ ಮತಾರ್ ಅಲ್ ಖದೀಮ್' ಎಂದು ಅನೌನ್ಸ್ ಆದರೆ ನಾವು ಇಳಿಯುತ್ತೇವೆ. ಅರ್ಥ ಅದೇ, ಹಳೇ ಏರ್‌ಪೋರ್ಟ್.

ಇಲ್ಲಿ ಎರಡು ಮೂರು ಬಗೆಯ ಮನೆಗಳಿವೆ. ಹಳೇ ವಿಲ್ಲಾಗಳು, ಅವನ್ನೇ ಪಾರ್ಟಿಶನ್ ಹಾಕಿ ಮೂರು ನಾಲ್ಕು ಸಂಸಾರಕ್ಕೆ ಕೊಟ್ಟವು, ನಂತರ ಎದ್ದ ಅಪಾರ್ಟ್‌ಮೆಂಟುಗಳು. ಹಳೇ ಮನೆಗಳಲ್ಲಿ ಗೋಡೆ ಕೊರೆದು ಕೂರಿಸಿದ ವಿಂಡೋ ಎ.ಸಿ. ಇರುತ್ತದೆ. ಅದರ ಸುತ್ತ ಸಂದು, ಬಾಗಿಲ ಕೆಳಗೆ ಸಂದು. ಆ ಸಂದುಗಳನ್ನು ಬೈದುಕೊಂಡು ಟೇಪ್ ಅಂಟಿಸುತ್ತೇವೆ, ಆದರೆ ಅಷ್ಟಿಷ್ಟು ಹೊಸ ಗಾಳಿ ಬರುವುದೂ ಅದರಿಂದಲೇ. ಕೆಲವು ವಿಂಡೋ ಎ.ಸಿ.ಗಳಲ್ಲಿ ಹೊರಗಾಳಿಗೆಂದೇ ಒಂದು ಸಣ್ಣ ಕಿಂಡಿಯೂ ಅದನ್ನು ಎಳೆಯಲು ಒಂದು ಗುಂಡಿಯೂ ಇರುತ್ತದೆ. ನಮ್ಮಲ್ಲಿ ಹೆಚ್ಚಿನವರು ಅದನ್ನು ಮುಟ್ಟಿಯೇ ನೋಡಿರುವುದಿಲ್ಲ. ಹೊಸ ಅಪಾರ್ಟ್‌ಮೆಂಟಿನ ಕಿಟಕಿಗಳು ರಬ್ಬರ್ ಬೀಡಿಂಗ್ ಹಾಕಿದ ಅಲ್ಯೂಮಿನಿಯಂ ಕಿಟಕಿಗಳು. ಧೂಳೂ ಬರುವುದಿಲ್ಲ, ಗಾಳಿಯೂ ಬರುವುದಿಲ್ಲ. ಹಾಗಾಗಿ ಬಾಡಿಗೆ ಜಾಸ್ತಿ ಕೊಟ್ಟ ಮನೆಯಲ್ಲೇ ಬೆಳಗಿನ ಅಂಕಿ ಜಾಸ್ತಿ ಬಂದರೆ ಆಶ್ಚರ್ಯ ಪಡಬೇಡಿ.

ನಮ್ಮ ಊರಿನ ಹಳೇ ಮನೆಗಳಲ್ಲಿ ಮಾಡಿನಲ್ಲಿ ಬೆಳಕಿಂಡಿ, ಕಿಟಕಿಯ ಮೇಲೆ ಮುಚ್ಚಲಾಗದ ವೆಂಟಿಲೇಟರ್, ನಡುವೆ ತೊಟ್ಟಿ ಇರುತ್ತಿತ್ತು. ದೋಹಾದವರಿಗೂ ಈ ಬುದ್ಧಿ ಇತ್ತು. ನಜಾದಾದಲ್ಲಿರುವ 1930ರ ದಶಕದ ಗಾಳಿಗೋಪುರದ ಮನೆ ನೋಡಿದವರಿಗೆ ಗೊತ್ತು. ಮೇಲೆ ಬೀಸುವ ಗಾಳಿಯನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುವ ಗೋಪುರ ಅದು. ಎ.ಸಿ. ಬಂದ ಮೇಲೆ ತಂಪು ಒಂದು ಕೆಲಸ, ಗಾಳಿ ಇನ್ನೊಂದು ಕೆಲಸ ಎನ್ನುವುದನ್ನು ಎರಡೂ ಕಡೆಯವರು ಮರೆತೆವು.

ಸ್ವಲ್ಪ ಲೆಕ್ಕ ಹಾಕೋಣ

ಪಿಪಿಎಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ಹೊರಗಿನ ಗಾಳಿಯಲ್ಲಿ ಈಗ ಇಂಗಾಲದ ಡೈಆಕ್ಸೈಡ್ ಸುಮಾರು 425 ರಿಂದ 430 ಪಿಪಿಎಂ. ನಾವು ಬಿಡುವ ಉಸಿರಿನಲ್ಲಿ ಸುಮಾರು ನೂರಕ್ಕೆ ನಾಲ್ಕು, ಅಂದರೆ 40,000 ಪಿಪಿಎಂ!

ಮಲಗಿರುವ ದೊಡ್ಡವರೊಬ್ಬರು ಗಂಟೆಗೆ ಸುಮಾರು 13 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ. ಮಗು 8 ಲೀಟರ್ ಎಂದಿಟ್ಟುಕೊಳ್ಳಿ. ಇಬ್ಬರು ದೊಡ್ಡವರು, ಒಂದು ಮಗು, ಒಟ್ಟು 34 ಲೀಟರ್. ಕೋಣೆ 4 ಮೀಟರ್ ಉದ್ದ, ಮೂರೂವರೆ ಮೀಟರ್ ಅಗಲ, 2.8 ಮೀಟರ್ ಎತ್ತರ ಆದರೆ ಅದರಲ್ಲಿರುವ ಗಾಳಿ ಸುಮಾರು 39,000 ಲೀಟರ್. ಗಾಳಿ ಒಂದಿಷ್ಟೂ ಬದಲಾಗದಿದ್ದರೆ ಗಂಟೆಗೆ 870 ಪಿಪಿಎಂ ಏರಬೇಕು. ಆದರೆ ಯಾವ ಕೋಣೆಯೂ ಡಬ್ಬಿಯಲ್ಲ, ಸಂದುಗಳಿರುತ್ತವೆ. ಗಂಟೆಗೆ ಕೋಣೆಯ ಮೂರನೇ ಒಂದು ಪಾಲು ಗಾಳಿ ಬದಲಾಗುತ್ತದೆ ಎಂದುಕೊಂಡರೆ ಎಂಟು ತಾಸಿನ ನಂತರ ಲೆಕ್ಕ ಸುಮಾರು 2,900ಕ್ಕೆ ಬಂದು ನಿಲ್ಲುತ್ತದೆ. ನನ್ನ ಮೀಟರ್ ತೋರಿಸಿದ್ದು 2,840. ಅಂದರೆ ನಮ್ಮ ಮನೆಯಲ್ಲಿ ವಿಶೇಷವೇನೂ ನಡೆಯುತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ಹೆಚ್ಚು ಕಡಿಮೆ ಇದೇ ಆಗುತ್ತಿರಬಹುದು.

ಇದನ್ನೇ ಇನ್ನೊಂದು ರೀತಿ ಹೇಳಬಹುದು. 2,900ರಲ್ಲಿ ಹೊರಗಿನ 430 ಕಳೆದರೆ ಉಳಿಯುವುದು ಸುಮಾರು 2,500. ಇದನ್ನು 40,000ಕ್ಕೆ ಹೋಲಿಸಿ. ನೀವು ಎಳೆದುಕೊಳ್ಳುವ ಪ್ರತಿ ಹದಿನಾರು ಉಸಿರಿನಲ್ಲಿ ಒಂದು ಉಸಿರಿನಷ್ಟು ಗಾಳಿ ಆಗಲೇ ಯಾರದೋ ಶ್ವಾಸಕೋಶಕ್ಕೆ ಹೋಗಿ ಬಂದದ್ದು. ಅಂಕಿ 1,000 ಇದ್ದರೆ ಎಪ್ಪತ್ತು ಉಸಿರಿಗೆ ಒಂದು. ಮನೆಯಲ್ಲಿ ಒಬ್ಬರಿಗೆ ನೆಗಡಿ ಬಂದರೆ ವಾರದೊಳಗೆ ಎಲ್ಲರಿಗೂ ಬರುವುದಕ್ಕೆ ಇದೂ ಒಂದು ಕಾರಣ.

ಇನ್ನು ನಮ್ಮದೇ ಬಡಾವಣೆಯ ಬ್ಯಾಚುಲರ್ ರೂಮುಗಳನ್ನು ನೆನೆಸಿಕೊಳ್ಳಿ. ಮೇಲೆ ಕೆಳಗೆ ಮಂಚ ಹಾಕಿ ನಾಲ್ಕು ಜನ ಮಲಗುವ, 30 ಘನ ಮೀಟರ್ ಕೂಡ ಆಗದ ಪಾರ್ಟಿಶನ್ ಕೋಣೆ. ಅಲ್ಲಿ ಗಾಳಿ ಬದಲಾಗದಿದ್ದರೆ ಗಂಟೆಗೆ 1,700 ಪಿಪಿಎಂ ಏರುತ್ತದೆ. ಬೇಸಿಗೆಯಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ ಮೂರೂವರೆವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂದು ಕತಾರ್ ಸರ್ಕಾರ 2021ರಿಂದ ನಿಯಮ ಮಾಡಿದೆ, ಒಳ್ಳೆಯದೇ. ಆದರೆ ಬಿಸಿಲಿನಿಂದ ಒಳಗೆ ಬಂದವರು ಉಸಿರಾಡುವ ಕೋಣೆಯ ಗಾಳಿಯನ್ನು ಅಳೆಯುವವರು ಯಾರು? ಮೀಟರ್ ಕೊಳ್ಳುವವರು ನಮ್ಮಂಥವರು, ಅದು ಹೆಚ್ಚು ಬೇಕಾಗಿರುವುದು ಅವರಿಗೆ.

ಎಷ್ಟಾದರೆ ಅಪಾಯ?

ಇಲ್ಲಿ ಸ್ವಲ್ಪ ನಿಧಾನಿಸಬೇಕು. ವಾಟ್ಸಾಪ್‌ನಲ್ಲಿ ಬರುವಂತೆ "1,000 ದಾಟಿದರೆ ವಿಷ" ಎನ್ನುವುದು ತಪ್ಪು.

1,000ದ ಅಂಕಿ ಬಂದದ್ದು ಜರ್ಮನಿಯ ಮ್ಯೂನಿಕ್ ನಗರದ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ ಎಂಬ ವಿಜ್ಞಾನಿಯಿಂದ, ಅದೂ 1858ರಲ್ಲಿ. ಅವರು ಹೇಳಿದ್ದು ಇಂಗಾಲದ ಡೈಆಕ್ಸೈಡ್ ವಿಷ ಎಂದಲ್ಲ. ಅದು ಇಷ್ಟು ಏರಿದೆ ಎಂದರೆ ಕೋಣೆಯಲ್ಲಿ ಮನುಷ್ಯರು ಬಿಡುವ ಉಳಿದ ಕಲ್ಮಶವೂ ಏರಿದೆ ಎಂಬುದರ ಗುರುತು ಎಂದು. ಇಂದಿಗೂ ಅದೇ ಸರಿ. ಕೆಲಸದ ಜಾಗಗಳಲ್ಲಿ ಎಂಟು ತಾಸಿಗೆ ಅಮೆರಿಕದ ಕಾನೂನು ಇಟ್ಟಿರುವ ಮಿತಿ 5,000 ಪಿಪಿಎಂ. 2,840 ನೋಡಿ ಆಸ್ಪತ್ರೆಗೆ ಓಡಬೇಕಾಗಿಲ್ಲ.

ಹಾಗಾದರೆ ಏನೂ ಆಗುವುದಿಲ್ಲವೇ? ಹಾರ್ವರ್ಡ್ ವಿಶ್ವವಿದ್ಯಾಲಯದ ಜೋಸೆಫ್ ಆಲನ್ ಮತ್ತು ತಂಡ 24 ಜನರನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂಕಿ 950ರ ಆಸುಪಾಸು ಇದ್ದಾಗ ಯೋಚಿಸಿ ನಿರ್ಧರಿಸುವ ಪರೀಕ್ಷೆಯ ಅಂಕಗಳು ಇಳಿದವು, 1,400ರಲ್ಲಿ ಇನ್ನೂ ಇಳಿದವು. ಆದರೆ ಅಮೆರಿಕದ ಸಬ್‌ಮರೀನ್ ನಾವಿಕರ ಮೇಲೆ ಮಾಡಿದ ಪರೀಕ್ಷೆಯಲ್ಲಿ ಬಹಳ ಹೆಚ್ಚಿನ ಮಟ್ಟದಲ್ಲೂ ಅಂಥ ಇಳಿಕೆ ಕಾಣಲಿಲ್ಲ. ನಮಗೆ ಹೆಚ್ಚು ಹತ್ತಿರವಾದದ್ದು 2016ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನ. ಹಾಸ್ಟೆಲ್ ವಿದ್ಯಾರ್ಥಿಗಳ ಕೋಣೆಯಲ್ಲಿ ರಾತ್ರಿಯ ಸರಾಸರಿ ಸುಮಾರು 2,500 ಇರುತ್ತಿದ್ದದ್ದನ್ನು ಕಿಟಕಿ ಅಥವಾ ಫ್ಯಾನಿನಿಂದ 900ಕ್ಕಿಂತ ಕೆಳಗೆ ಇಳಿಸಿದಾಗ ನಿದ್ದೆ ಸುಧಾರಿಸಿತು, ಮರುದಿನ ಮೈ ಮನಸ್ಸು ಹಗುರವಾಯಿತು. ಇದ್ದ ವಿದ್ಯಾರ್ಥಿಗಳು ಕೆಲವರೇ, ಆದರೆ ಅಮ್ಮ ಹೇಳಿದ 'ತಲೆ ಭಾರ'ಕ್ಕೆ ಇಷ್ಟು ಹೊಂದುವ ಇನ್ನೊಂದು ಅಧ್ಯಯನ ನಾನು ಓದಿಲ್ಲ.

ಒಟ್ಟಿನಲ್ಲಿ ಅಂಕಿಯನ್ನು ವಿಷದ ಅಳತೆಯೆಂದು ನೋಡಬೇಡಿ, ಗಾಳಿ ಎಷ್ಟು ಹಳಸಿದೆ ಎನ್ನುವುದರ ಅಳತೆಯೆಂದು ನೋಡಿ. 1,000ದ ಒಳಗೆ ಇದ್ದರೆ ಚೆನ್ನ. 1,500 ದಾಟಿದರೆ ಏನಾದರೂ ಮಾಡಿ. ದಿನಾ 2,500 ದಾಟುತ್ತಿದ್ದರೆ ಮಲಗುವ ಪದ್ಧತಿಯನ್ನೇ ಬದಲಿಸಿ. ಇದು ನಾನು ನಮ್ಮ ಮನೆಗೆ ಇಟ್ಟುಕೊಂಡ ಲೆಕ್ಕ, ಕಾನೂನಲ್ಲ.

ನನ್ನ ಮೀಟರ್ ಸುಳ್ಳು ಹೇಳಿತು

ಈಗ ಈ ಲೇಖನ ಬರೆಯಲು ನಿಜವಾದ ಕಾರಣ ಹೇಳುತ್ತೇನೆ.

ಜುಲೈ ಕಳೆಯುವಷ್ಟರಲ್ಲಿ ಅಂಕಿ ತಾನಾಗಿಯೇ ಇಳಿಯತೊಡಗಿತು. ಜೂನ್‌ನಲ್ಲಿ 2,840 ಇದ್ದ ಬೆಳಗಿನ ಅಂಕಿ ಆಗಸ್ಟಿನಲ್ಲಿ 2,300ರ ಹತ್ತಿರ ಬಂತು. ಮಧ್ಯಾಹ್ನ ಎಲ್ಲರೂ ಮನೆಯಲ್ಲಿದ್ದಾಗಲೂ 430 ಎಂದು ತೋರಿಸಿತು. ನನಗೆ ಖುಷಿಯೋ ಖುಷಿ. "ನೋಡಮ್ಮ, ಗಾಳಿ ಸರಿಯಾಗಿದೆ" ಎಂದೆ. ಅಮ್ಮ ಮಾತ್ರ, "ನಿನ್ನ ಡಬ್ಬಿಗೆ ಸರಿಯಾಗಿರಬಹುದು, ನನ್ನ ತಲೆಗೆ ಆಗಿಲ್ಲ" ಎಂದರು.

ಯೋಚಿಸಿ ನೋಡಿದಾಗ ನಾಚಿಕೆಯಾಯಿತು. ಕಿಟಕಿ ತೆಗೆದಿಲ್ಲ, ಜನ ಕಡಿಮೆಯಾಗಿಲ್ಲ. ಒಳಗಿನ ಗಾಳಿ ಹೊರಗಿನ ಗಾಳಿಯಷ್ಟೇ ಚೆನ್ನಾಗಿರಲು ಹೇಗೆ ಸಾಧ್ಯ?

ಕಾರಣ ಹೀಗೆ. ಈ ಮೀಟರುಗಳಲ್ಲಿ ಒಳ್ಳೆಯವು ಅವಗೆಂಪು ಕಿರಣದಿಂದ ಕೆಲಸ ಮಾಡುತ್ತವೆ. ಇಂಗಾಲದ ಡೈಆಕ್ಸೈಡ್ 4.26 ಮೈಕ್ರೋಮೀಟರ್ ಅಲೆಯುದ್ದದ ಅವಗೆಂಪು ಕಿರಣವನ್ನು ಹೀರುತ್ತದೆ. ಎಷ್ಟು ಹೀರಿತು ಎಂಬುದರಿಂದ ಎಷ್ಟಿದೆ ಎಂದು ಲೆಕ್ಕ. ಆದರೆ ಒಳಗಿನ ದೀಪ ಹಳತಾದಂತೆ ಲೆಕ್ಕ ನಿಧಾನವಾಗಿ ಜಾರುತ್ತದೆ. ಅದನ್ನು ಸರಿಪಡಿಸಲು ಬಹಳಷ್ಟು ಮೀಟರುಗಳ ಸಾಫ್ಟ್‌ವೇರ್‌ನಲ್ಲಿ ಒಂದು ಉಪಾಯ ಇಟ್ಟಿರುತ್ತಾರೆ: ಕಳೆದ ಒಂದು ವಾರದಲ್ಲಿ ಕಂಡ ಅತಿ ಕಡಿಮೆ ಅಂಕಿಯೇ ಹೊರಗಿನ ಗಾಳಿಯ ಅಂಕಿ, ಅದನ್ನು 400 ಎಂದು ತಿಳಿ, ಉಳಿದದ್ದನ್ನು ಅದಕ್ಕೆ ಹೊಂದಿಸು.

ಯೂರೋಪಿನಲ್ಲೋ ಬೆಂಗಳೂರಿನಲ್ಲೋ ಇದು ಸರಿ. ವಾರಕ್ಕೊಮ್ಮೆಯಾದರೂ ಕಿಟಕಿ ತೆರೆಯುತ್ತಾರೆ, ಅಥವಾ ಆಫೀಸು ಶನಿವಾರ ಭಾನುವಾರ ಖಾಲಿಯಿರುತ್ತದೆ. ದೋಹಾದ ಬೇಸಿಗೆಯಲ್ಲಿ ನಮ್ಮ ಮನೆ ಎರಡು ತಿಂಗಳು ತೆರೆದೇ ಇರಲಿಲ್ಲ! ನಮ್ಮ ಮನೆಯ ಅತ್ಯುತ್ತಮ ಗಾಳಿಯೇ 950. ಪಾಪ, ಮೀಟರ್ ಅದನ್ನೇ ಹೊರಗಿನ ಗಾಳಿ ಎಂದು ನಂಬಿ, ವಾರ ವಾರಕ್ಕೂ ಸ್ವಲ್ಪ ಸ್ವಲ್ಪ ಕಳೆಯುತ್ತಾ ಬಂದಿತ್ತು. ಮನೆ ಹೆಚ್ಚು ಮುಚ್ಚಿದಷ್ಟೂ ಮೀಟರ್ ಹೆಚ್ಚು ಸಮಾಧಾನ ಹೇಳುತ್ತದೆ. ಸಾಫ್ಟ್‌ವೇರ್ ಕೆಲಸದವನಾಗಿ ಹೇಳುತ್ತೇನೆ, ತಪ್ಪುಗಳಲ್ಲೆಲ್ಲ ಕೆಟ್ಟದ್ದು ಎಂದರೆ ಇಂಥದ್ದು: ಎಲ್ಲೂ ಎರರ್ ಕಾಣುವುದಿಲ್ಲ, ಹಸಿರು ದೀಪ ಉರಿಯುತ್ತಲೇ ಇರುತ್ತದೆ.

ಮರುದಿನ ಬೆಳಗಿನ ಜಾವ, ಸೂರ್ಯ ಹುಟ್ಟುವ ಮೊದಲು, ಮೀಟರನ್ನು ಬಾಲ್ಕನಿಯ ನೆರಳಿನಲ್ಲಿ ಇಪ್ಪತ್ತು ನಿಮಿಷ ಇಟ್ಟೆ. ಸುಮಾರು 430 ತೋರಿಸಬೇಕಿತ್ತು. 400ಕ್ಕೆ ಅಂಟಿಕೊಂಡು ನಿಂತಿತು, ಅದಕ್ಕಿಂತ ಕೆಳಗೆ ತೋರಿಸಲು ಅದಕ್ಕೆ ಬರುವುದಿಲ್ಲ ಅಷ್ಟೇ. ಸೆಟ್ಟಿಂಗ್‌ನಲ್ಲಿ ತಾನೇ ಸರಿಪಡಿಸಿಕೊಳ್ಳುವ ಆಯ್ಕೆಯನ್ನು ಆಫ್ ಮಾಡಿ, ಹೊರಗಿನ ಗಾಳಿಯಲ್ಲೇ ಕೈಯಾರೆ ಸರಿಮಾಡಿದೆ. ಅಂದು ರಾತ್ರಿ ಕಳೆದು ಬೆಳಿಗ್ಗೆ ನೋಡಿದರೆ 2,800! ಗಾಳಿ ಕೆಡಲಿಲ್ಲ, ಮೀಟರ್ ನಿಜ ಹೇಳಿತು.

ಕೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ. ಅಗ್ಗದ ಕೆಲವು ಪೆಟ್ಟಿಗೆಗಳು ಇಂಗಾಲದ ಡೈಆಕ್ಸೈಡ್ ಅಳೆಯುವುದೇ ಇಲ್ಲ. ಗಾಳಿಯಲ್ಲಿನ ಬೇರೆ ಆವಿಗಳನ್ನು ನೋಡಿ ಇಷ್ಟಿರಬಹುದು ಎಂದು ಊಹೆ ಮಾಡುತ್ತವೆ. ಪರೀಕ್ಷೆ ಸುಲಭ. ಹತ್ತಿರದಲ್ಲಿ ಸೆಂಟು ಹೊಡೆಯಿರಿ ಅಥವಾ ಸ್ಯಾನಿಟೈಸರ್ ಹಚ್ಚಿದ ಕೈ ಹಿಡಿಯಿರಿ. ಅಂಕಿ ಥಟ್ಟನೆ ಸಾವಿರ ಎರಡು ಸಾವಿರ ಹಾರಿದರೆ ಅದು ಊಹೆಯ ಪೆಟ್ಟಿಗೆ. ಡಬ್ಬದ ಮೇಲೆ 'ಎನ್‌ಡಿಐಆರ್' ಅಥವಾ 'ಫೋಟೋಅಕೌಸ್ಟಿಕ್' ಸೆನ್ಸರ್ ಎಂದು ಬರೆದಿದೆಯೇ ನೋಡಿ ತೆಗೆದುಕೊಳ್ಳಿ.

ಮೀಟರ್ ಕಾಣದ ವಿಷಗಳು

ಮೀಟರ್ ಸರಿಯಾಗಿದ್ದರೂ ಅದಕ್ಕೆ ಕಾಣದವು ಇವೆ, ಮತ್ತು ಜೀವ ತೆಗೆಯುವುದು ಅವೇ.

2019ರ ಅಕ್ಟೋಬರ್‌ನಲ್ಲಿ ಇಲ್ಲೇ ದೋಹಾದಲ್ಲಿ ಭಾರತೀಯ ದಂಪತಿಯ ಇಬ್ಬರು ಪುಟ್ಟ ಮಕ್ಕಳು ತೀರಿಕೊಂಡದ್ದು ಹಲವರಿಗೆ ನೆನಪಿರಬಹುದು. ಮೊದಲು ಊಟದ ಮೇಲೆ ಸಂಶಯ ಬಂತು. ನಂತರ ಪಕ್ಕದ ಮನೆಯಲ್ಲಿ ಹೊಡೆದ ಕೀಟನಾಶಕ ಕಾರಣವಿರಬಹುದೆಂದು ಪತ್ರಿಕೆಗಳಲ್ಲಿ ಬಂತು. ಜಿರಲೆ, ತಿಗಣೆ ಕಾಟಕ್ಕೆ ಯಾರೋ ಕೊಟ್ಟ ಹೆಸರಿಲ್ಲದ ಪುಡಿ, ಗುಳಿಗೆಗಳನ್ನು ಮನೆಗೆ ತರಬೇಡಿ. ಧಾನ್ಯದ ಗೋದಾಮಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಗಾಳಿಯ ತೇವಕ್ಕೆ ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. ಗೋಡೆಯ ಸಂದು, ಡಕ್ಟು, ಬಾತ್‌ರೂಮಿನ ಕಿಂಡಿಯಿಂದ ಪಕ್ಕದ ಮನೆಗೂ ಹೋಗುತ್ತದೆ. ಇಂಗಾಲದ ಡೈಆಕ್ಸೈಡ್ ಮೀಟರಿಗೆ ಇದು ಗೊತ್ತೇ ಆಗುವುದಿಲ್ಲ.

ಇನ್ನೊಂದು ಕಾರ್ಬನ್ ಮಾನಾಕ್ಸೈಡ್. ಹೆಸರು ಒಂದೇ ಥರ ಕೇಳಿಸಿದರೂ ಇದು ಬೇರೆ ಅನಿಲ, ಬಣ್ಣವಿಲ್ಲ, ವಾಸನೆಯಿಲ್ಲ. 2025ರ ನವೆಂಬರ್‌ನಲ್ಲಿ ಬೆಳಗಾವಿಯ ಅಮನ್ ನಗರದಲ್ಲಿ ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲು ಹಚ್ಚಿಕೊಂಡು ಮಲಗಿದ ಮೂವರು ಯುವಕರು ಏಳಲೇ ಇಲ್ಲ. ಇಲ್ಲಿಯೂ ಚಳಿಗಾಲದಲ್ಲಿ ಮರುಭೂಮಿಗೆ ಕ್ಯಾಂಪಿಂಗ್ ಹೋಗುವವರು ಬಾರ್ಬೆಕ್ಯೂ ಕೆಂಡವನ್ನು ಟೆಂಟಿನೊಳಗೆ ತಂದಿಟ್ಟುಕೊಳ್ಳುವುದುಂಟು. ದಯವಿಟ್ಟು ಮಾಡಬೇಡಿ. ಮಾನಾಕ್ಸೈಡ್‌ಗೆ ಬೇರೆಯೇ ಅಲಾರಂ ಸಿಗುತ್ತದೆ. ಗ್ಯಾಸ್ ಒಲೆ ಇರುವ ಮನೆಯಲ್ಲಿ ಎರಡರಲ್ಲಿ ಒಂದೇ ಕೊಳ್ಳಲು ದುಡ್ಡಿದ್ದರೆ ಮೊದಲು ಆ ಅಲಾರಂ ಕೊಳ್ಳಿ. ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು, ವಾಂತಿ ಶುರುವಾದರೆ ಊಟವನ್ನು ಬೈಯುತ್ತಾ ಕೂರದೆ ಎಲ್ಲರೂ ಹೊರಗೆ ಬಂದು 999ಕ್ಕೆ ಫೋನ್ ಮಾಡಿ.

ಕಿಟಕಿಯ ಆಚೆ ಧೂಳು

"ಹಾಗಾದರೆ ಕಿಟಕಿ ತೆರೆದಿಟ್ಟರಾಯಿತು" ಎನ್ನುವುದು ಶಿವಮೊಗ್ಗಕ್ಕೆ ಸರಿ, ದೋಹಾಕ್ಕೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5 ಎಂಬ ಸೂಕ್ಷ್ಮ ಕಣಗಳ ಮಿತಿಯನ್ನು ವರ್ಷದ ಸರಾಸರಿ 5, ದಿನದ ಸರಾಸರಿ 15 ಮೈಕ್ರೋಗ್ರಾಂಗೆ ಇಳಿಸಿತು. ಮರುಭೂಮಿಯ ಧೂಳಿನಿಂದ ದೋಹಾದ ಗಾಳಿ ಈ ಮಿತಿಯ ಹಲವು ಪಟ್ಟು ಇರುತ್ತದೆ. ಶಮಾಲ್ ಗಾಳಿ ಬೀಸುವ ದಿನಗಳಂತೂ ಕೇಳಲೇಬೇಡಿ. ಅಂದರೆ ಕಿಟಕಿ ಮುಚ್ಚಿದರೆ ಹಳಸಿದ ಗಾಳಿ, ತೆರೆದರೆ ಧೂಳು. ಹಾಗಾಗಿ ಇಲ್ಲಿ ಎರಡೂ ಅಂಕಿ ಬೇಕು, ಇಂಗಾಲದ ಡೈಆಕ್ಸೈಡ್ ಮತ್ತು ಪಿಎಂ 2.5. ಒಂದನ್ನೇ ನೋಡಿದರೆ ತಪ್ಪು ತೀರ್ಮಾನಕ್ಕೆ ಬರುತ್ತೇವೆ.

ಏರ್ ಪ್ಯೂರಿಫೈಯರ್ ಇದೆಯಲ್ಲಾ ಎನ್ನುವವರಿಗೆ: ಹೆಪಾ ಫಿಲ್ಟರ್ ಧೂಳನ್ನು ಚೆನ್ನಾಗಿ ಹಿಡಿಯುತ್ತದೆ, ಇಂಗಾಲದ ಡೈಆಕ್ಸೈಡನ್ನು ಒಂದು ಪಿಪಿಎಂ ಕೂಡ ಇಳಿಸುವುದಿಲ್ಲ. ಸ್ನೇಕ್ ಪ್ಲಾಂಟ್ ಇಟ್ಟಿದ್ದೇವೆ ಎನ್ನುವವರಿಗೆ: 1989ರ ನಾಸಾ ಪ್ರಯೋಗ ನಡೆದದ್ದು ಚಿಕ್ಕ ಮುಚ್ಚಿದ ಪೆಟ್ಟಿಗೆಯೊಳಗೆ, ಅದೂ ಬೇರೆ ಆವಿಗಳ ಮೇಲೆ. ಕಿಟಕಿಯ ಕೆಲಸವನ್ನು ಗಿಡ ಮಾಡಬೇಕಾದರೆ ಚದರ ಮೀಟರಿಗೆ ಕನಿಷ್ಠ ಹತ್ತು, ಹೆಚ್ಚೆಂದರೆ ಸಾವಿರ ಗಿಡ ಬೇಕಾದೀತು ಎಂದು 2019ರ ಒಂದು ವಿಮರ್ಶೆ ಲೆಕ್ಕ ಹಾಕಿದೆ. ಗಿಡ ಕಣ್ಣಿಗೆ ತಂಪು, ಇಟ್ಟುಕೊಳ್ಳಿ. ಗಾಳಿಗೆ ಬೇರೆ ದಾರಿ ನೋಡಿ.

ನಾವು ಮಾಡಿದ್ದು

ದುಡ್ಡು ಹೆಚ್ಚು ಖರ್ಚಾಗದ, ಬಾಡಿಗೆ ಮನೆಯಲ್ಲಿ ಓನರನ್ನು ಕೇಳದೆ ಮಾಡಬಹುದಾದವು ಇವು.

1. ರಾತ್ರಿ ಬೆಡ್‌ರೂಮಿನ ಬಾಗಿಲು ತೆರೆದೇ ಮಲಗುವುದು. ಕೋಣೆಯ ಗಾಳಿಗೆ ಹಾಲ್‌ನ ಗಾಳಿ ಸೇರಿತು.

2. ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನನ್ನು ರಾತ್ರಿಯಿಡೀ ಓಡಿಸುವುದು. ಅದು ಗಾಳಿಯನ್ನು ಹೊರಗೆ ಎಳೆದಷ್ಟು ಹೊಸ ಗಾಳಿ ಮನೆಯ ಸಂದುಗಳಿಂದ ಒಳಗೆ ಬರಲೇಬೇಕು. ಆದರೆ ಪಕ್ಕದ ಮನೆಯ ಸಾಂಬಾರಿನ ವಾಸನೆ ಬರತೊಡಗಿದರೆ, ಬರುತ್ತಿರುವುದು ಅವರ ಮನೆಯ ಗಾಳಿ ಎಂದು ತಿಳಿಯಿರಿ. ಹಾಗಿದ್ದರೆ ಬಾಲ್ಕನಿ ಬಾಗಿಲನ್ನು ಒಂದು ಬೆರಳಷ್ಟು ಬಿಡಿ. ಅಕ್ಕಪಕ್ಕದಲ್ಲಿ ಪೆಸ್ಟ್ ಕಂಟ್ರೋಲ್ ಇರುವ ದಿನ ಈ ಫ್ಯಾನ್ ಹಾಕಲೇಬೇಡಿ. ಯಾವ ದಿನ ಎಂದು ನಾತೂರ್ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ.

3. ಬೇಸಿಗೆಯಲ್ಲಿ ಬೆಳಗಿನ ಜಾವ, ಧೂಳಿಲ್ಲದ ದಿನ, ಎದುರು ಬದುರು ಎರಡು ಕಿಟಕಿ ಹತ್ತೇ ನಿಮಿಷ ತೆರೆಯುವುದು. ಒಂದೇ ಕಿಟಕಿ ತೆರೆದರೆ ಅಷ್ಟು ಪ್ರಯೋಜನವಿಲ್ಲ. ಆಮೇಲೆ ಮುಚ್ಚಿ ಪ್ಯೂರಿಫೈಯರ್ ಹಾಕುವುದು. ನವೆಂಬರಿನಿಂದ ಮಾರ್ಚಿವರೆಗೆ ಧೂಳು ನೋಡಿಕೊಂಡು ಧಾರಾಳವಾಗಿ ತೆರೆಯಿರಿ, ಆ ದಿನಗಳಲ್ಲೂ ಎ.ಸಿ. ಹಾಕಿ ಕೂರುವವರಿದ್ದಾರೆ!

4. ಒಗ್ಗರಣೆಗೆ ಮೊದಲೇ ಅಡುಗೆಮನೆಯ ಎಕ್ಸಾಸ್ಟ್ ಹಾಕಿ, ಒಲೆ ಆರಿಸಿ ಹದಿನೈದು ನಿಮಿಷ ಬಿಟ್ಟು ಆಫ್ ಮಾಡುವುದು. ಒಲೆಯ ಮೇಲಿನ ಚಿಮಣಿಗೆ ಹೊರಗೆ ಹೋಗುವ ಪೈಪು ಇದೆಯೇ ನೋಡಿ. ಇಲ್ಲದಿದ್ದರೆ ಅದು ಹೊಗೆಯನ್ನು ಸೋಸಿ ಮತ್ತೆ ನಿಮಗೇ ಕೊಡುತ್ತದೆ.

5. ಊದುಬತ್ತಿ, ಧೂಪ, ಬಖೂರ್ ಹಚ್ಚಿದಾಗ ಪಿಎಂ 2.5 ಮೀಟರ್ ಕಡೆ ಒಮ್ಮೆ ನೋಡಿ. ಬಿಡಿ ಎಂದು ಹೇಳುತ್ತಿಲ್ಲ, ನಮ್ಮಮ್ಮ ಬಿಟ್ಟಿಲ್ಲ. ದೇವರಿಗೆ ಒಂದು ಕಡ್ಡಿ ಸಾಕು, ಎಕ್ಸಾಸ್ಟ್ ಹಾಕಿ ಹಚ್ಚಿ.

6. ಮೀಟರನ್ನು ವಾರಕ್ಕೊಮ್ಮೆ ಬೆಳಗಿನ ಜಾವ ಹೊರಗೆ ತೋರಿಸಿ. ಬಿಸಿಲಿನಲ್ಲಿ ಬೇಡ, ಇಬ್ಬನಿ ತೊಟ್ಟಿಕ್ಕುವಷ್ಟು ತೇವವಿದ್ದ ದಿನವೂ ಬೇಡ. ಸುಮಾರು 430 ತೋರಿಸಿದರೆ ಅದರ ಮಾತು ನಂಬಬಹುದು.

ಇಷ್ಟರಿಂದ ನಮ್ಮ ಬೆಳಗಿನ ಅಂಕಿ 1,100ರ ಆಸುಪಾಸಿಗೆ ಬಂತು. ಕರೆಂಟ್ ಬಿಲ್ ಸ್ವಲ್ಪ ಏರಿದ್ದು ನಿಜ, ಏಕೆಂದರೆ ಒಳಗೆ ಬಂದ ಬಿಸಿ ಗಾಳಿಯನ್ನು ಎ.ಸಿ. ತಣಿಸಬೇಕು. ಇದಕ್ಕೆ ನಾವು ಕೊಡುವ ಬೆಲೆ ಅಷ್ಟೇ. ಅಮ್ಮ ಸೆಪ್ಟೆಂಬರಿನಲ್ಲಿ ಊರಿಗೆ ಹೊರಡುವ ಮುಂಚೆ ತಲೆ ಭಾರದ ಮಾತು ಆಡಲಿಲ್ಲ. ಅದು ಗಾಳಿಯಿಂದಲೋ, ಊರಿಗೆ ಹೋಗುವ ಖುಷಿಯಿಂದಲೋ, ಆ ಲೆಕ್ಕ ನನ್ನ ಮೀಟರಿಗೆ ಸಿಗುವುದಿಲ್ಲ.

ಕೊನೆಗೊಂದು ವಿನಂತಿ. ನಮ್ಮಲ್ಲಿ ಈಗಾಗಲೇ ಹಲವರ ಮನೆಯಲ್ಲಿ ಇಂಥ ಮೀಟರುಗಳಿವೆ. ಸಂಘದ ಮುಂದಿನ ಕಾರ್ಯಕ್ರಮಕ್ಕೆ ಬರುವಾಗ ಮರೆಯದೆ ತನ್ನಿ. ಎಲ್ಲವನ್ನೂ ಹಾಲ್‌ನ ಹೊರಗೆ ನೆರಳಿನಲ್ಲಿ ಸಾಲಾಗಿಟ್ಟು, ಯಾವುದು ನಿಜ ಹೇಳುತ್ತಿದೆ, ಯಾವುದು ಸುಳ್ಳು ಎಂದು ಅರ್ಧ ಗಂಟೆಯಲ್ಲಿ ನೋಡಿಬಿಡಬಹುದು. ಆಮೇಲೆ ಒಂದನ್ನು ಹಾಲ್‌ನೊಳಗೂ ಇಡೋಣ, ಭಾಷಣಗಳು ಮುಗಿಯುವ ಹೊತ್ತಿಗೆ ಎಷ್ಟಾಗುತ್ತದೆ ನೋಡೋಣ! ಸರಿಯೆಂದು ಗೊತ್ತಾದ ಒಂದೆರಡು ಮೀಟರುಗಳನ್ನು ಬ್ಯಾಚುಲರ್ ರೂಮುಗಳಲ್ಲಿರುವ ನಮ್ಮ ಹುಡುಗರಿಗೆ ಒಂದೊಂದು ವಾರ ಎರವಲು ಕೊಡೋಣ. ಅಲ್ಲಿಯ ಅಂಕಿ ಕೈಯಲ್ಲಿದ್ದರೆ ಓನರ್ ಹತ್ತಿರ ಒಂದು ಎಕ್ಸಾಸ್ಟ್ ಫ್ಯಾನ್ ಕೇಳಲು ಅವರಿಗೂ ಬಾಯಿ ಬರುತ್ತದೆ.

ಏನಂತೀರಿ?